ಅಪ್ಪನ ಹೆಸರಿಗೆ ಸಂಬಳ, ಅಮ್ಮನ ಹೆಸರಿಗೆ ಕತೆ

ಭಾನುವಾರ ಸಂಜೆ ಗೀತಕ್ಕನ ಮನೆ ಜಗಲಿ. ನಮ್ಮ ಭಟ್ಟ ಮೂವತ್ತೆಂಟರ ಬ್ರಹ್ಮಚಾರಿ, ಹಾಗಾಗಿ ಊರಿನ ಎಲ್ಲರ ಮನೆ ಚಕ್ಕುಲಿಯೂ ಅವನದೇ. ಮೂರನೆಯದನ್ನು ಮುರಿಯುತ್ತ, "ಕೆಲಸ ಅಂದ್ರೆ ಲೈಬ್ರರಿಯನ್ ಕೆಲಸ. ಸುಮ್ನೆ ಕೂತು ಓದೋದು" ಎಂದ.

"ಫ್ರಾಂಕ್ ಓ'ಕಾನರ್‌ಗೆ ಹಾಗೆ ಹೇಳಿದ್ದಿದ್ರೆ ಒದೀತಿದ್ದ" ಎಂದೆ.

"ಯಾರವನು?"

"ಐರ್ಲೆಂಡಿನ ಕತೆಗಾರ. 1903ರಲ್ಲಿ ಕಾರ್ಕ್‌ನಲ್ಲಿ ಹುಟ್ಟಿದ. ಅಪ್ಪ ಮಾಜಿ ಸೈನಿಕ. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸೋದು, ಆಮೇಲೆ ಕುಡಿಯೋದು. ಅಮ್ಮ ಕಂಡವರ ಮನೆ ಕೆಲಸ ಮಾಡಿ ಸಂಸಾರ ತೂಗಿಸಿದಳು. ಹುಡುಗ ಬೇಗನೆ ಸ್ಕೂಲು ಬಿಟ್ಟ. ಅಂತರ್ಯುದ್ಧದಲ್ಲಿ ಸರಿಯಾಗಿ ಸೋಲೋ ಕಡೆಗೇ ಸೇರಿ ಸೆರೆ ಶಿಬಿರಕ್ಕೂ ಹೋಗಿ ಬಂದ."

"ಅಂಥವನಿಗೆ ಲೈಬ್ರರಿ ಕೊಟ್ಟವರು ಯಾರಪ್ಪಾ?" ಗೀತಕ್ಕ ಕಾಫಿ ತಂದರು.

"ಲೆನಾಕ್ಸ್ ರಾಬಿನ್ಸನ್ ಅಂತ ಒಬ್ಬ ನಾಟಕಕಾರ. ಕಾರ್ನೆಗಿ ಅನ್ನೋ ದಾನದ ಟ್ರಸ್ಟಿನ ದುಡ್ಡಲ್ಲಿ ಹಳ್ಳಿಗಾಡಿಗೆ ಲೈಬ್ರರಿ ಮಾಡಿಸ್ತಿದ್ದ. 1924ರಲ್ಲಿ ಅವನದೇ ಒಂದು ಕತೆ ಪತ್ರಿಕೆಯಲ್ಲಿ ಬಂತು. ಹಳ್ಳಿ ಹುಡುಗಿಯೊಬ್ಬಳು ತನ್ನ ಹೊಟ್ಟೆಯಲ್ಲಿರೋದು ಏಸು ಅಂತ ನಂಬೋ ಕತೆ. ಕಮಿಟಿಯಲ್ಲಿದ್ದ ಪಾದ್ರಿ ರಾಜೀನಾಮೆ ಬಿಸಾಕಿದರು. ರಾಬಿನ್ಸನ್ ಕೆಲಸ ಹೋಯ್ತು."

"ಅಂದ್ರೆ ಬೇರೆಯವರ ಕತೆ ಹಂಚಿದರೆ ಸಂಬಳ, ತಾನೇ ಬರೆದರೆ ಗೇಟ್‌ಪಾಸ್" ಎಂದ ಭಟ್ಟ.

"ಹುಡುಗ ಹುಷಾರಾದ. ನಿಜ ಹೆಸರು ಮೈಕಲ್ ಫ್ರಾನ್ಸಿಸ್ ಓ'ಡೊನೊವನ್. ಕತೆ ಬರೆಯೋಕೆ ಅಂತ ಫ್ರಾನ್ಸಿಸ್ ಅನ್ನೋದನ್ನ ಫ್ರಾಂಕ್ ಮಾಡಿದ, ಅಮ್ಮನ ತವರಿನ ಓ'ಕಾನರ್ ಅಂಟಿಸಿಕೊಂಡ."

"ಅಪ್ಪನ ಹೆಸರಿಗೆ ಸಂಬಳ, ಅಮ್ಮನ ಹೆಸರಿಗೆ ಕತೆ. ಲೆಕ್ಕ ಸರಿಯಾಗಿದೆ" ಎಂದರು ಗೀತಕ್ಕ.

ಓ'ಕಾನರ್ ಸ್ಲೈಗೊ, ವಿಕ್ಲೊ, ಕಾರ್ಕ್ ಲೈಬ್ರರಿಗಳನ್ನು ಸುತ್ತಿದ; 1928ರಿಂದ ಹತ್ತು ವರ್ಷ ಡಬ್ಲಿನ್ನಿನ ಪೆಂಬ್ರೋಕ್ ಲೈಬ್ರರಿ. ಮೊದಲ ಕಥಾಸಂಕಲನ 1931ರಲ್ಲಿ, ಅಲ್ಲಿದ್ದಾಗಲೇ ಬಂತು. ಇದನ್ನೆಲ್ಲ ಹೇಳುವಾಗ ಭಟ್ಟ ಆಕಳಿಸಿದ. ನಾನು ತಕ್ಷಣ ಅವನು ಬರೆದ ಪಾಪನಿವೇದನೆಯ ಕತೆಗೆ ಹಾರಿದೆ. ಏಳು ವರ್ಷದ ಹುಡುಗ ಮೊದಲ ಸಲ ಪಾದ್ರಿ ಮುಂದೆ ಪಾಪ ಒಪ್ಪಿಕೊಳ್ಳೋಕೆ ಹೋಗ್ತಾನೆ. ಕತ್ತಲೆ ಗೂಡು. ಎಲ್ಲಿ ಮಂಡಿ ಊರಬೇಕೋ ಗೊತ್ತಿಲ್ಲ. ಮೊಣಕೈ ಊರೋ ಹಲಗೆ ಮೇಲೇ ಹತ್ತಿ ಕೂತು, ಅಲ್ಲಿಂದ ದಬಕ್ಕನೆ ಹೊರಗೆ ಬೀಳ್ತಾನೆ. ಅಜ್ಜಿಯನ್ನ ಕೊಲ್ಲಬೇಕು ಅಂತಿದ್ದೆ ಅಂತ ಒಪ್ಪಿಕೊಳ್ತಾನೆ. ಪಾದ್ರಿ ಬೈಯೋದಿಲ್ಲ. ಕಷ್ಟ ಸುಖ ಕೇಳಿ, ಮಿಠಾಯಿ ಕೊಟ್ಟು ಕಳಿಸ್ತಾರೆ. ಒಳ್ಳೆ ಹುಡುಗಿ ಅನ್ನಿಸಿಕೊಂಡ ಅಕ್ಕನ ಹೊಟ್ಟೆ ಉರಿದುಹೋಗುತ್ತೆ. ಅವಳಿಗೆ ಇಷ್ಟು ವರ್ಷದಲ್ಲಿ ಒಂದು ಮಿಠಾಯಿಯೂ ಸಿಕ್ಕಿರಲಿಲ್ಲ!

"ಪಾದ್ರಿ ಒಳ್ಳೆಯವರು" ಎಂದು ಭಟ್ಟ ನಾಲ್ಕನೇ ಚಕ್ಕುಲಿಗೆ ಕೈ ಹಾಕಿದ. "ಇಂಥದ್ದಕ್ಕೆ ಯಾರು ತಕರಾರು ಮಾಡ್ತಾರೆ?"

"ಸೆನ್ಸಾರ್ ಮಂಡಳಿ. ಊರಿಗೆಲ್ಲ ಪುಸ್ತಕ ಕೊಟ್ಟವನ ಪುಸ್ತಕಗಳೇ ಬ್ಯಾನ್ ಆದವು. ಅದರಲ್ಲಿ ಒಂದಂತೂ ಮಜಾ. ಬ್ರಿಯಾನ್ ಮೆರಿಮನ್ ಅನ್ನೋನು 18ನೇ ಶತಮಾನದಲ್ಲಿ ಐರಿಷ್ ಭಾಷೆಯಲ್ಲಿ ಬರೆದ ನಡುರಾತ್ರಿ ಕೋರ್ಟಿನ ಕಾವ್ಯ. ಓ'ಕಾನರ್ ಅದನ್ನ ಇಂಗ್ಲಿಷಿಗೆ ತಂದ. 1946ರಲ್ಲಿ ಅನುವಾದ ಬ್ಯಾನ್, ಮೂಲ ಮಾತ್ರ ಆರಾಮಾಗಿ ಅಂಗಡಿಯಲ್ಲಿ."

"ಅರ್ಥ ಆಗೋ ಭಾಷೆಯಲ್ಲಿದ್ರೆ ಮಾತ್ರ ಅಶ್ಲೀಲ ಅನ್ನು!" ಭಟ್ಟ ನಕ್ಕ. "ಅದರಲ್ಲಿ ಅಂಥದ್ದೇನಿದೆ?"

"ಹೆಂಗಸರು ಕೋರ್ಟು ಕೂಡಿಸ್ತಾರೆ. ಗಂಡಸರು ಮದುವೆ ಆಗದೆ ಕಾಲ ಕಳೀತಾರೆ ಅಂತ ದೂರು. ಇಪ್ಪತ್ತೊಂದು ದಾಟಿದ ಬ್ರಹ್ಮಚಾರಿಗಳನ್ನ ಕಟ್ಟಿಹಾಕಿ ಬಾರಿಸಿ ಅಂತ ತೀರ್ಪು."

ಗೀತಕ್ಕ ಭಟ್ಟನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿದರು.