ಪದಚರ್ಚೆ: ‘2 ಸೆಕೆಂಡು ಕಳೆದಿದೆ’ ಅಂದರೆ ಸೇರಿಸಬೇಕೋ, ಇಳಿಸಬೇಕೋ?

ಪ್ರಶ್ನೆ, ಗೋಣಿಕೊಪ್ಪದಿಂದ:
ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಟೈಮರ್ ಆಗಿ, ಅಂದರೆ ಆಟದ ಗಡಿಯಾರ ಓಡಿಸಲು, ಕೂರುವ ಮಕ್ಕಳಿಗೆ ಕನ್ನಡದಲ್ಲಿ ಸೂಚನಾಪತ್ರ ಮಾಡುತ್ತಿದ್ದೇವೆ. ‘ಗಡಿಯಾರದಲ್ಲಿ 2 ಸೆಕೆಂಡು ಕಳೆದಿದ್ದರೆ ರೆಫರಿಗೆ ತಿಳಿಸಿ’ ಎಂಬ ಸಾಲನ್ನು ಒಬ್ಬರು ‘ಸುಮ್ಮನೆ ಓಡಿಹೋಗಿದೆ’ ಎಂದೂ ಇನ್ನೊಬ್ಬರು ‘ಅಷ್ಟನ್ನು ಕಳೆಯಬೇಕು’ ಎಂದೂ ಓದಿದರು. ಯಾವ ಪದ ಹಾಕೋಣ?

ಉತ್ತರ, ಮಡಿಕೇರಿಯಿಂದ:
ಸರ್, ಇಬ್ಬರೂ ಸರಿಯಾಗಿಯೇ ಓದಿದ್ದಾರೆ, ಎಡವಟ್ಟು ಸಾಲಿನದ್ದು. ದಿನ ಕಳೆಯುವುದೂ ಲೆಕ್ಕದಲ್ಲಿ ಕಳೆಯುವುದೂ ನಮಗೆ ಒಂದೇ ಕ್ರಿಯಾಪದ. ಆಟದ ಗಡಿಯಾರವಾದರೋ 10:00ರಿಂದ ಕೆಳಕ್ಕೆ ಎಣಿಸುತ್ತದೆ. ವಿಷಲ್ ಆದ ಮೇಲೂ ಓಡಿದ್ದರೆ ಸಮಯ ವಾಪಸ್ ಸೇರಿಸಬೇಕು, ತಡವಾಗಿ ಶುರುವಾಗಿದ್ದರೆ ಇಳಿಸಬೇಕು. ‘ಹೆಚ್ಚು ಓಡಿದೆ’, ‘ಓಡಬೇಕಾದಷ್ಟು ಓಡಿಲ್ಲ’ ಎಂದೇ ಬರೆಯಿರಿ. ಅದಕ್ಕಿಂತ ಒಳ್ಳೆಯದು, ವ್ಯತ್ಯಾಸ ಹೇಳದೆ ಇಡಬೇಕಾದ ಅಂಕಿಯನ್ನೇ ಹೇಳಿಸುವುದು. ವಿಷಲ್ ಹೊತ್ತಿಗೆ 7.4 ಇತ್ತು, ನಿಲ್ಲಿಸಿದಾಗ 5.9 ಆಗಿತ್ತು ಅನ್ನಿ: ‘7.4ಕ್ಕೆ ಇಡಿ’. ದಶಮಾಂಶ ಕಾಣುವುದು ಕೊನೆಯ ನಿಮಿಷದಲ್ಲಿ ಮಾತ್ರ, ಆದರೆ ಅಲ್ಲಿ ಅದೇ ಜೀವಾಳ. 0.3 ಉಳಿದಿದ್ದರೆ ಚೆಂಡು ಹಿಡಿದು ಎಸೆಯಬಹುದು, 0.2 ಆದರೆ ತಟ್ಟಿ ಹಾಕಬೇಕು ಇಲ್ಲವೇ ನೇರವಾಗಿ ಡಂಕ್ ಮಾಡಬೇಕು (ರಿಂಗ್‌ನೊಳಕ್ಕೆ ಕೈಯಿಂದಲೇ ತುರುಕಬೇಕು).

‘ಚೆಂಡು ಎಸೆದಾಗ ಶುರು ಮಾಡಿ’ ಎಂಬ ಸಾಲಿದ್ದರೆ ಅದನ್ನೂ ತೆಗೆಯಿರಿ. ಥ್ರೋ-ಇನ್‌ನಲ್ಲಿ (ಗೆರೆಯ ಹೊರಗಿನಿಂದ ಒಳಕ್ಕೆ ಎಸೆಯುವಾಗ) ಚೆಂಡು ಕೈಬಿಟ್ಟಾಗ ಅಲ್ಲ, ಅಂಕಣದೊಳಗಿನ ಆಟಗಾರ ಮುಟ್ಟಿದಾಗ ಶುರು. ಕೊನೆಯ ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ತಪ್ಪಿದಾಗಲೂ ಹಾಗೆಯೇ, ರಿಂಗ್‌ಗೆ ಬಡಿದದ್ದು ಲೆಕ್ಕಕ್ಕಿಲ್ಲ. ಹೊಸಬರು ಬಟನ್ ಒತ್ತಿ ಕೆಡಿಸುವುದು ಹೆಚ್ಚಾಗಿ ಈ ಎರಡು ಕಡೆ. ರೆಫರಿ ಎತ್ತಿದ ಕೈಯನ್ನು ಕೆಳಕ್ಕೆ ಕಡಿದಂತೆ ಇಳಿಸುವವರೆಗೆ ಕಾಯಲಿ.

ಎಷ್ಟು ತಿದ್ದಬೇಕೆಂಬುದಕ್ಕೆ ಆಧಾರ ಬೇಕಲ್ಲ: ವಿಷಲ್ ಹೊತ್ತಿಗೆ ರೆಫರಿ ಬೋರ್ಡಿನಲ್ಲಿ ಕಂಡ ಅಂಕಿ, ಟೇಬಲ್ಲಿನ ಸ್ಟಾಪ್‌ವಾಚ್, ಶಾಟ್ ಕ್ಲಾಕ್ (ತಂಡ ಬುಟ್ಟಿಗೆ ಎಸೆಯಬೇಕಾದ ಅವಧಿ ತೋರಿಸುವ ಗಡಿಯಾರ) ಇಲ್ಲದ ಕಡೆ, ಚೆಂಡನ್ನು ಅಂಕಣದ ಎದುರಾಳಿ ಅರ್ಧಕ್ಕೆ ದಾಟಿಸಲು ರೆಫರಿ ಮಾಡುವ 8 ಸೆಕೆಂಡಿನ ಎಣಿಕೆ. ವಿಷಲ್ ಆದ ಮೇಲಿನ ಥ್ರೋ-ಇನ್‌ನ 5 ಸೆಕೆಂಡಿನ ಎಣಿಕೆ ಇಲ್ಲಿ ಬರುವುದಿಲ್ಲ, ಆಗ ಗಡಿಯಾರ ನಿಂತೇ ಇರುತ್ತದೆ. ಯಾವ ಆಧಾರವೂ ಇಲ್ಲದಿದ್ದರೆ ಅಂದಾಜಿಗೆ ತಿದ್ದದಿರುವುದೇ ಲೇಸು.

ಇನ್ನೊಂದು ಉತ್ತರ, ವಿರಾಜಪೇಟೆಯಿಂದ:
‘ಗಡಿಯಾರ ನಿಂತಿತು’ ಎಂಬುದನ್ನೂ ಬಿಡಿಸಿ ಬರೆಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ‘ಕೆಟ್ಟು ನಿಲ್ಲುವುದು’ ಬೇರೆ, ಟೈಮರ್ ‘ನಿಲ್ಲಿಸುವುದು’ ಬೇರೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ ಬ್ಯಾಸ್ಕೆಟ್ ಬಿದ್ದರೂ ನಿಲ್ಲಿಸಬೇಕು. ಆಗ ‘ನಿಂತಿತ್ತು’ ಅಂದರೆ ರೆಫರಿಗೆ ಏನೂ ತಿಳಿಯುವುದಿಲ್ಲ.

ತಿದ್ದಿದ ಅಂಕಿ ಬೋರ್ಡಿನಲ್ಲಿ ಬಂದ ಮೇಲೆಯೇ ಆಟ ಶುರು ಎಂಬ ಸಾಲೂ ಇರಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಗಡಿಯಾರವನ್ನು 3 ಸೆಕೆಂಡಿಗೆ ತರುವ ಮೊದಲೇ ಆಟ ಶುರು ಮಾಡಿಬಿಟ್ಟರು. ಕೊನೆಯ 3 ಸೆಕೆಂಡನ್ನು ಮತ್ತೆ ಆಡಿಸಬೇಕಾಯಿತು, ಸೋವಿಯತ್ ತಂಡ 51–50ರಲ್ಲಿ ಗೆದ್ದಿತು. ಅಮೆರಿಕದವರು ಬೆಳ್ಳಿ ಪದಕವನ್ನು ಸ್ವೀಕರಿಸಲೇ ಇಲ್ಲ.