ಕವಲು ಒಡೆದು 170 ವರ್ಷವಾದ ಲೋಕದಲ್ಲೂ ಅದೇ ಕರ್ಕ್ ಹುಟ್ಟೋದು ಹೇಗೆ?

ಮಳೆಬಿಲ್ಲು72

ಸ್ಟಾರ್ ಟ್ರೆಕ್ ಮೊದಲ ಸರಣಿಯ ‘ಮಿರರ್, ಮಿರರ್’ ಕಂತು ಪ್ರಸಾರವಾಗಿದ್ದು 1967ರ ಅಕ್ಟೋಬರ್ 6ರಂದು. ಅಯಾನು ಬಿರುಗಾಳಿಯ ನಡುವೆ ಟ್ರಾನ್ಸ್‌ಪೋರ್ಟರ್ (ಜನರನ್ನು ಗ್ರಹದಿಂದ ಹಡಗಿಗೆ ಕ್ಷಣದಲ್ಲಿ ಸಾಗಿಸುವ ಯಂತ್ರ) ಕೈಕೊಟ್ಟು ಕ್ಯಾಪ್ಟನ್ ಕರ್ಕ್, ಮೆಕಾಯ್, ಸ್ಕಾಟಿ, ಉಹೂರಾ ನಾಲ್ವರೂ ಇನ್ನೊಂದು ಎಂಟರ್‌ಪ್ರೈಸ್ ಹಡಗಿಗೆ ಹೋಗಿ ಇಳಿಯುತ್ತಾರೆ. ಅಲ್ಲಿ ಗ್ರಹಗಳ ಒಕ್ಕೂಟ ಇಲ್ಲ, ಸಾಮ್ರಾಜ್ಯ ಇದೆ. ಬಡ್ತಿ ಬೇಕೆಂದರೆ ಮೇಲಧಿಕಾರಿಯನ್ನು ಮುಗಿಸಬೇಕು. ಸ್ಪಾಕ್‌ಗೆ ಗಡ್ಡ. ಆದರೆ ಹಡಗು ಅದೇ, ಜನ ಅದೇ.

2005ರಲ್ಲಿ ಬಂದ, ಸ್ಟಾರ್ ಟ್ರೆಕ್‌ನದೇ ‘ಎಂಟರ್‌ಪ್ರೈಸ್’ ಸರಣಿಯ ಕಂತೊಂದು ಆ ಲೋಕದ ಹಿನ್ನೆಲೆ ತೋರಿಸುತ್ತೆ. ಕಥೆಯ ಕಾಲಮಾನದಲ್ಲಿ 2063ರಲ್ಲಿ ಅನ್ಯಗ್ರಹದ ವಲ್ಕನ್ನರು ಮೊದಲ ಸಲ ಭೂಮಿಗೆ ಇಳಿದಾಗ ವಿಜ್ಞಾನಿ ಝೆಫ್ರಾಮ್ ಕಾಕ್ರೇನ್ ಸ್ವಾಗತಿಸುವ ಬದಲು ಗುಂಡು ಹಾರಿಸುತ್ತಾನೆ. ಕರ್ಕ್ ಹುಟ್ಟುವುದು 2233ರಲ್ಲಿ. ಚರಿತ್ರೆ ಪೂರ್ತಿ ದಾರಿ ಬದಲಿಸಿ 170 ವರ್ಷವಾದ ಮೇಲೂ ಅದೇ ಅಪ್ಪ, ಅದೇ ಅಮ್ಮ, ಅದೇ ಮಗು. ಇದನ್ನು ಒಪ್ಪಬಹುದಾ? ಭೌತಶಾಸ್ತ್ರ ಇಂಥ ಲೋಕಕ್ಕೆ, ಅಲ್ಲಿಗೆ ಹೋಗಿಬರುವುದಕ್ಕೆ ಎಷ್ಟು ಜಾಗ ಕೊಡುತ್ತೆ? ಪ್ರತಿರೂಪಗಳನ್ನು ಲೆಕ್ಕ ತಪ್ಪದೆ ಕಟ್ಟಿದ ಸರಣಿ ಯಾವುದಾದರೂ ಇದೆಯಾ?

ಜೀನುಗೂಡು

ನಿಮ್ಮ ಅನುಮಾನ ಸರಿ. ಲೆಕ್ಕ ಹಾಕಿದರೆ ಅದು ಇನ್ನೂ ಗಟ್ಟಿಯಾಗುತ್ತದೆ.

ಮನುಷ್ಯನಿಗೆ 23 ಜೊತೆ ವರ್ಣತಂತು. ವೀರ್ಯಾಣುವಿಗಾಗಲಿ ಅಂಡಾಣುವಿಗಾಗಲಿ ಪ್ರತಿ ಜೊತೆಯಿಂದ ಒಂದು ಮಾತ್ರ ಹೋಗುತ್ತದೆ. ಯಾವುದು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ಹಾಗಾಗಿ ಒಬ್ಬರಲ್ಲಿ 83,88,608 ಬಗೆ, ಗಂಡ ಹೆಂಡತಿ ಸೇರಿದರೆ ಸುಮಾರು 70 ಲಕ್ಷ ಕೋಟಿ ಬಗೆ. ವರ್ಣತಂತುಗಳು ತಮ್ಮೊಳಗೆ ತುಂಡು ಅದಲುಬದಲು ಮಾಡಿಕೊಳ್ಳುವುದನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಈಗ ಕರ್ಕ್. ತಲೆಮಾರಿಗೆ 25 ವರ್ಷ ಹಿಡಿಯಿರಿ. ಅವನಿಂದ ಹಿಂದಕ್ಕೆ ಆರು ತಲೆಮಾರಿನವರೆಲ್ಲ 2063 ಕಳೆದ ಮೇಲೆ ಹುಟ್ಟಿದವರು: 2, 4, 8, 16, 32, 64, ಒಟ್ಟು 126 ಜನ. ಅವನನ್ನೂ ಸೇರಿಸಿದರೆ 127. ಅಷ್ಟೂ ಮದುವೆಗಳು ಎರಡೂ ಲೋಕದಲ್ಲಿ ಅದೇ ಜೋಡಿಗೆ ಆದವು ಅಂತ ಬಿಟ್ಟಿಯಾಗಿ ಒಪ್ಪಿಕೊಂಡರೂ, 127 ಸಲವೂ 70 ಲಕ್ಷ ಕೋಟಿಯಲ್ಲಿ ಅದೇ ಒಂದು ಬೀಳಬೇಕು. 1ರ ಮುಂದೆ 1758 ಸೊನ್ನೆ ಹಾಕಿದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು. ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೂ ಸೊನ್ನೆಗಳು ಸುಮಾರು 80. ಇದು ಒಬ್ಬ ಕರ್ಕ್‌ನ ಲೆಕ್ಕ. ಮೆಕಾಯ್‌ಗೆ, ಉಹೂರಾಗೆ ಮತ್ತೆ ಮೊದಲಿಂದ.

ಅದೇ ದಂಪತಿ, ಅದೇ ರಾತ್ರಿ ಆದರೂ ಅದೇ ಮಗು ಯಾಕಾಗಬಾರದು ಅಂತ ಕೆಲವರು ಕೇಳುತ್ತಾರೆ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸುವಾಗ ಕಂಪ್ಯೂಟರಿಗೆ 0.506127 ಬದಲು 0.506 ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಒಟ್ಟಿಗೇ ನಡೆದು ಆಮೇಲೆ ಸಂಬಂಧವೇ ಇಲ್ಲದ ಹಾಗೆ ಬೇರೆಯಾದವು. ಕವಲು ಒಡೆದ ಲೋಕಕ್ಕೂ ಅದೇ ಗತಿ. ಕೆಲವು ವಾರದಲ್ಲಿ ಮಳೆ ಬೀಳುವ ದಿನವೇ ಬೇರೆ. ಮಳೆ ಬಂದರೆ ಮನೆಗೆ ಬರುವುದು ಹತ್ತು ನಿಮಿಷ ತಡ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಬೇರೊಂದು ಮುಂದೆ ಬರಲು ಹತ್ತು ಸೆಕೆಂಡಿನ ವ್ಯತ್ಯಾಸವೂ ಬೇಡ.

ಹಾಗಾಗಿ ಕಥೆಗಾರ ಪಾಲಿಸಬೇಕಾದ ನಿಯಮ ಇಷ್ಟೇ: ಕವಲು ಒಡೆಯುವ ಹೊತ್ತಿಗೆ ಗರ್ಭದಲ್ಲಿದ್ದವರಿಗೆ, ಅದಕ್ಕೂ ಮೊದಲೇ ಹುಟ್ಟಿದವರಿಗೆ ಮಾತ್ರ ಪ್ರತಿರೂಪ ಇರುತ್ತದೆ. ಆಮೇಲೆ ಬಸುರಾದವರ ಮಕ್ಕಳು ಆಚೆ ಲೋಕದಲ್ಲಿ ಬೇರೆ ಮಕ್ಕಳೇ.

ಈ ನಿಯಮಕ್ಕೆ ನಾನು ಕಂಡಂತೆ ಅತಿ ಹತ್ತಿರ ನಿಲ್ಲುವುದು ‘ಕೌಂಟರ್‌ಪಾರ್ಟ್’ (2017–2019, ಎರಡು ಸೀಸನ್). ಬರ್ಲಿನ್‌ನಲ್ಲಿ 1987ರ ಪ್ರಯೋಗವೊಂದರಿಂದ ಲೋಕ ಎರಡಾಗುತ್ತದೆ. ಜೆ. ಕೆ. ಸಿಮನ್ಸ್ ಮಾಡಿದ ಹೊವರ್ಡ್ ಸಿಲ್ಕ್ ಆ ಹೊತ್ತಿಗೆ ಬೆಳೆದ ಗಂಡಸು, ಹಾಗಾಗಿ ಎರಡೂ ಕಡೆ ಇದ್ದಾನೆ. ಆದರೆ ಆಚೆಯ ಹೊವರ್ಡ್‌ಗೆ ಮಗಳಿದ್ದಾಳೆ, ಈಚೆಯವನಿಗೆ ಮಕ್ಕಳಿಲ್ಲ. ಆ ಹುಡುಗಿಗೆ ಪ್ರತಿರೂಪವೇ ಇಲ್ಲ ಅನ್ನುವುದರಿಂದಲೇ ಕಥೆಗೆ ನೋವು ಹುಟ್ಟುತ್ತದೆ.

ತರಂಗಫಲನ

ಜೀವಶಾಸ್ತ್ರದ ಭಾಗಕ್ಕೆ ನನ್ನ ತಕರಾರಿಲ್ಲ. ಭೌತಶಾಸ್ತ್ರದ ಬಗ್ಗೆ ಹೇಳುತ್ತೇನೆ. ಇಲ್ಲಿ ಜನ ಎರಡು ಪ್ರಶ್ನೆಗಳನ್ನು ಒಂದೇ ಮಾಡಿಕೊಳ್ಳುತ್ತಾರೆ: ಬೇರೆ ಲೋಕ ಇದೆಯೇ, ಅಲ್ಲಿಗೆ ಹೋಗಬಹುದೇ.

ಹ್ಯೂ ಎವರೆಟ್ 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ಕೈಕೆಳಗೆ ಬರೆದ ಪ್ರಬಂಧ ಹೇಳಿದ್ದು ಇದು: ಅಳತೆ ಮಾಡಿದಾಗ ತರಂಗ ಫಲನ (ಕಣದ ಎಲ್ಲ ಸಾಧ್ಯ ಸ್ಥಿತಿಗಳನ್ನು ಒಟ್ಟಿಗೆ ಹೇಳುವ ಗಣಿತ) ಒಂದೇ ಸ್ಥಿತಿಗೆ ಕುಸಿಯುವುದಿಲ್ಲ, ಎಲ್ಲ ಫಲಿತಾಂಶಗಳೂ ತಂತಮ್ಮ ಕವಲಿನಲ್ಲಿ ನಡೆಯುತ್ತವೆ. ‘ಬಹುಲೋಕ’ ಅನ್ನುವ ಹೆಸರಿನಲ್ಲಿ ಇದನ್ನು ಜನರ ಬಾಯಿಗೆ ತಂದವರು ಬ್ರೈಸ್ ಡಿವಿಟ್, ಅದೂ 1970ರಲ್ಲಿ. ಅಂದರೆ 1967ರ ಆ ಕಂತು ಬಂದದ್ದು ಅದಕ್ಕೂ ಮುಂಚೆ.

ಎವರೆಟ್ ದಾರಿಯನ್ನು ಗಂಭೀರವಾಗಿ ಒಪ್ಪುವ ಭೌತವಿಜ್ಞಾನಿಗಳು ಇದ್ದಾರೆ. ಆದರೆ ಅದೇ ಸಿದ್ಧಾಂತ ಕವಲಿನಿಂದ ಕವಲಿಗೆ ದಾಟುವುದನ್ನು ಮುಚ್ಚಿಬಿಡುತ್ತದೆ. ತರಂಗ ಫಲನ ಹೇಗೆ ಬದಲಾಗುತ್ತದೆ ಅಂತ ಹೇಳುವ ಶ್ರೋಡಿಂಗರ್ ಸಮೀಕರಣ ರೇಖೀಯ, ಅಂದರೆ ಅದರ ಭಾಗಗಳು ತಂತಮ್ಮ ಪಾಡಿಗೆ ನಡೆಯುತ್ತವೆ. ಒಂದು ಕವಲಿನಲ್ಲಿ ಏನೇ ಆದರೂ ಇನ್ನೊಂದಕ್ಕೆ ತಾಗದು. ಗಾಳಿಯಲ್ಲಿ ತೇಲುವ ಧೂಳಿನ ಕಣವೊಂದರ ಎರಡು ಸ್ಥಿತಿಗಳು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಒಂದಕ್ಕೊಂದು ಕಾಣದಷ್ಟು ಬೇರೆಯಾಗುತ್ತವೆ. ಹಡಗು ತುಂಬ ಜನರಿರುವ ಎರಡು ಕವಲುಗಳನ್ನು ಮತ್ತೆ ಕೂಡಿಸುವ ಮಾತೇ ಇಲ್ಲ. ಸ್ಟೀವನ್ ವೈನ್‌ಬರ್ಗ್ 1989ರಲ್ಲಿ ಸಮೀಕರಣಕ್ಕೆ ಸಣ್ಣ ಅರೇಖೀಯ ಪದ ಸೇರಿಸಿ ನೋಡಿದರು. ಹಾಗೆ ಸೇರಿಸಿದರೆ ಕವಲುಗಳ ನಡುವೆ ಸಂದೇಶ ಕಳಿಸುವ ‘ಎವರೆಟ್ ಫೋನ್’ ಸಾಧ್ಯವಾಗುತ್ತದೆ ಎಂದು ಜೋಸೆಫ್ ಪೋಲ್ಚಿನ್ಸ್‌ಕಿ 1991ರಲ್ಲಿ ತೋರಿಸಿದರು. ಪ್ರಯೋಗಗಳಲ್ಲಿ ಆ ಅರೇಖೀಯತೆ ಇದುವರೆಗೆ ಕಂಡಿಲ್ಲ. ಸರಣಿ ಬರೆಯುವವರಿಗೆ ಮಾತ್ರ ಇದು ಒಳ್ಳೆಯ ಬಾಗಿಲು: ನಿಸರ್ಗ ನಿಯಮದಲ್ಲಿ ಒಂದೇ ಒಂದು ಕಡೆ ಬದಲಾವಣೆ, ಉಳಿದದ್ದೆಲ್ಲ ಇದ್ದ ಹಾಗೆ. ಆದರೆ ಅದರಲ್ಲಿ ಸಂದೇಶ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ಮನುಷ್ಯನೇ ಹೋಗಬೇಕಾದರೆ ದ್ರವ್ಯರಾಶಿಗೆ ಉತ್ತರ ಕೊಡಬೇಕು. 70 ಕಿಲೋ ಮಾಯವಾದರೆ ಅದಕ್ಕೆ ಸಮನಾದ ಶಕ್ತಿ ಸುಮಾರು 1500 ಮೆಗಾಟನ್. 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ ಅತಿ ದೊಡ್ಡ ಬಾಂಬು 50 ಮೆಗಾಟನ್ನಿನದು, ಅಂಥ 30. ಅಷ್ಟನ್ನು ಲೆಕ್ಕದಿಂದ ಸುಮ್ಮನೆ ಅಳಿಸಲಾಗದು. ಈ ವಿಷಯದಲ್ಲಿ ‘ಫ್ರಿಂಜ್’ (2008–2013) ತೋರಿಸಿದ ಎಚ್ಚರ ನನಗೆ ತುಂಬಾ ಹಿಡಿಸಿತು. ಎರಡನೇ ಸೀಸನ್‌ನಲ್ಲಿ ಆಚೆ ಲೋಕದಿಂದ ಒಂದು ಕಟ್ಟಡ ಈಚೆಗೆ ಬಂದು ಬೀಳುತ್ತದೆ, ಅಷ್ಟೇ ತೂಕದ ಕಟ್ಟಡವೊಂದು ಇಲ್ಲಿಂದ ಹೋಗಲೇಬೇಕು, ಯಾವುದು ಅಂತ ಗಂಟೆಗಳೊಳಗೆ ಹುಡುಕಬೇಕು. ‘ಮಿರರ್, ಮಿರರ್’ನಲ್ಲೂ ನಾಲ್ವರು ಬಂದರೆ ನಾಲ್ವರು ಹೋಗಿರುತ್ತಾರೆ.

ವರ್ಮ್‌ಹೋಲ್ (ದೂರದ ಎರಡು ಜಾಗಗಳನ್ನು ಸೇರಿಸುವ, ಎರಡು ಬಾಯಿಯ ಸುರಂಗ) ಗಣಿತವೂ ಇದೇ ಕಡೆ ವಾಲುತ್ತದೆ. ಒಂದು ಬಾಯಿಯೊಳಗೆ ವಸ್ತು ಹೊಕ್ಕರೆ ಆ ಬಾಯಿಯ ದ್ರವ್ಯರಾಶಿ ಅಷ್ಟು ಹೆಚ್ಚುತ್ತದೆ, ಹೊರಬಿದ್ದ ಕಡೆಯ ಬಾಯಿಯದು ಅಷ್ಟು ಇಳಿಯುತ್ತದೆ. ಬರೀ ಒಂದೇ ದಿಕ್ಕಿಗೆ ಜನ ಸಾಗಿದರೆ ಬಾಗಿಲೇ ಕೆಡುತ್ತದೆ. ಮಾರಿಸ್ ಮತ್ತು ಥಾರ್ನ್ 1988ರಲ್ಲಿ ತೋರಿಸಿದ ಹಾಗೆ, ಅಂಥ ಬಾಗಿಲು ಮುಚ್ಚದೆ ನಿಲ್ಲಲು ಋಣ ಶಕ್ತಿಯ ವಸ್ತು ಬೇಕು. ಅಷ್ಟು ಪ್ರಮಾಣದಲ್ಲಿ ಅದನ್ನು ಯಾರೂ ಕಂಡಿಲ್ಲ.

ಹೊಳೆದಂಡೆ

@ಜೀನುಗೂಡು ಅವರ 1758 ಸೊನ್ನೆ ಒಪ್ಪಿದೆ, ತೀರ್ಮಾನ ಪೂರ್ತಿ ಒಪ್ಪಲಿಲ್ಲ. ಆ ಸಂಖ್ಯೆ ಹೇಳುವುದು ಕಣ್ಣುಮುಚ್ಚಿ ಒಂದು ಲೋಕ ಎತ್ತಿಕೊಂಡರೆ ಅಲ್ಲಿ ಕರ್ಕ್ ಸಿಗುವ ಸಾಧ್ಯತೆಯನ್ನು. ಆ ಕಂತಿನಲ್ಲಿ ಲೋಕವನ್ನು ಕಣ್ಣುಮುಚ್ಚಿ ಎತ್ತಿಲ್ಲ. ಎರಡೂ ಕಡೆ ಅದೇ ಕ್ಷಣ, ಅದೇ ಬಿರುಗಾಳಿಯಲ್ಲಿ, ಅದೇ ಗ್ರಹದಿಂದ ಅದೇ ನಾಲ್ವರು ಮೇಲೇರುತ್ತಿದ್ದಾರೆ. ಟ್ರಾನ್ಸ್‌ಪೋರ್ಟರ್ ಅಂದರೆ ದೇಹದ ವಿನ್ಯಾಸವನ್ನು ಹಿಡಿದು ಮತ್ತೆ ಕೂಡಿಸುವ ಯಂತ್ರ. ವಿನ್ಯಾಸ ತಾಳೆಯಾದ ಕಡೆಗೆ ಮಾತ್ರ ಅದು ತಪ್ಪು ಮಾಡಬಲ್ಲದು ಅಂತ ಹಿಡಿದರೆ, ಕರ್ಕ್ ಇಲ್ಲದ ಲೋಕಗಳಿಗೆ ಬಾಗಿಲು ತೆರೆಯುವುದೇ ಇಲ್ಲ. ಕವಲುಗಳಿಗೆ ಲೆಕ್ಕವೇ ಇಲ್ಲ ಅನ್ನುವುದಾದರೆ ಅಷ್ಟು ಅಪರೂಪದ ಲೋಕವೂ ಎಲ್ಲೋ ಇರುತ್ತೆ.

ಜೀನುಗೂಡು

@ಹೊಳೆದಂಡೆ, ಇದು ಒಳ್ಳೆಯ ವಾದ, ಮೊದಲ ದಾಟುವಿಕೆಗೆ ಒಪ್ಪುತ್ತೇನೆ. ಆದರೆ ಅದೇ ಲೋಕಕ್ಕೆ ಕಥೆ ಮತ್ತೆ ಮತ್ತೆ ಹೋಗುತ್ತದೆ. ಸ್ಟಾರ್ ಟ್ರೆಕ್‌ನ ಇನ್ನೊಂದು ಸರಣಿ ‘ಡೀಪ್ ಸ್ಪೇಸ್ ನೈನ್’ ಕಾಲಕ್ಕೆ ಒಂದು ಶತಮಾನ ಕಳೆದಿದೆ, ಅಲ್ಲಿ ಮತ್ತೆ ಸಿಸ್ಕೋ, ಕೀರಾ, ಓಬ್ರಯನ್ ಎಲ್ಲರಿಗೂ ಪ್ರತಿರೂಪ. ಮೊದಲ ಸಲ ತಾಳೆಯಾಯಿತೆಂದು ಮುಂದಿನ ನಾಲ್ಕು ತಲೆಮಾರು ತಾಳೆಯಾಗಬೇಕಿಲ್ಲ. ನೀವು ಹೇಳಿದ ವಿನ್ಯಾಸದ ತಾಳೆ ಆ ಕ್ಷಣವನ್ನು ಆರಿಸುತ್ತದೆ, ಆ ಲೋಕದ ಭವಿಷ್ಯವನ್ನು ಕಟ್ಟಿಹಾಕುವುದಿಲ್ಲ.

‘ಫ್ರಿಂಜ್’ಗೂ ಇದೇ ಕಷ್ಟ. ದಾಟುವ ಲೆಕ್ಕದಲ್ಲಿ ಅಷ್ಟು ಶಿಸ್ತು, ಹುಟ್ಟಿನ ಲೆಕ್ಕದಲ್ಲಿ ಇಲ್ಲ. ಆಚೆ ಲೋಕದ 1985ರ ನ್ಯೂಯಾರ್ಕ್‌ನಲ್ಲಿ ವಾಯುನೌಕೆಗಳು ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಂದು ನಿಲ್ಲುತ್ತವೆ. ಅಂದರೆ ಕವಲು ಒಡೆದು ದಶಕಗಳೇ ಆಗಿವೆ. ಆದರೂ ಕವಲಾದ ಮೇಲೆ ಹುಟ್ಟಿದ ಮುಖ್ಯ ಪಾತ್ರಗಳಾದ ಪೀಟರ್, ಒಲಿವಿಯಾ ಎರಡೂ ಕಡೆ ಇದ್ದಾರೆ.

ಎಡಿಟ್_ಟೇಬಲ್

ಲೆಕ್ಕ ಸರಿಯಿದ್ದರೂ ತೆರೆಯ ಮೇಲೆ ಎರಡು ಮುಖ ಒಟ್ಟಿಗೆ ನಂಬಿಸದಿದ್ದರೆ ಎಲ್ಲ ವ್ಯರ್ಥ. ಹಾಗಾಗಿ ಆ ಕೆಲಸದ ಬಗ್ಗೆ ಸ್ವಲ್ಪ.

‘ಬಬ್ರುವಾಹನ’ದಲ್ಲಿ (1977) ರಾಜ್‌ಕುಮಾರ್ ಅರ್ಜುನನಾಗಿ, ಬಬ್ರುವಾಹನನಾಗಿ ಎದುರುಬದುರು ನಿಂತ ಕಾಲದಲ್ಲಿ ದ್ವಿಪಾತ್ರಕ್ಕೆ ಇದ್ದ ಸಾಮಾನ್ಯ ದಾರಿ ಮಾಸ್ಕ್: ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರ ತೆಗೆದು, ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೊಂದು ತೆಗೆಯುವುದು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು.

‘ಆರ್ಫನ್ ಬ್ಲ್ಯಾಕ್’ (2013–2017) ಸರಣಿಗೆ ಆ ಕಟ್ಟು ಇರಲಿಲ್ಲ. ಅಲ್ಲಿರುವುದು ತದ್ರೂಪಿಗಳು (ಕ್ಲೋನ್), ಬೇರೆ ಲೋಕದವರಲ್ಲ. ಆದರೆ ಚಿತ್ರೀಕರಣದ ಸಮಸ್ಯೆ ಅದೇ. ಟೆಕ್ನೋಡಾಲಿ ಅನ್ನುವ ಯಂತ್ರದ ತೋಳು ಕ್ಯಾಮೆರಾದ ಚಲನೆಯನ್ನು ನೆನಪಿಟ್ಟು ಅದೇ ಚಲನೆಯನ್ನು ಮತ್ತೆ ಮಾಡುತ್ತದೆ. ಮೊದಲು ತದ್ರೂಪಿಗಳ ಪಾತ್ರ ಮಾಡುವ ನಟಿ ಟಾಟಿಯಾನಾ ಮಸ್ಲಾನಿ ಆ ದೃಶ್ಯವನ್ನು ನಡೆಸುವ ಪಾತ್ರ ಮಾಡುತ್ತಾರೆ, ಎದುರಿಗೆ ಅವರ ಡಬಲ್ (ಬದಲಿ ನಟಿ) ಕ್ಯಾಥ್ರಿನ್ ಅಲೆಕ್ಸಾಂಡ್ರ್ ಇನ್ನೊಂದು ಪಾತ್ರದ ಜಾಗದಲ್ಲಿ ನಿಂತು ಮಾತಾಡುತ್ತಾರೆ. ಅದರಲ್ಲಿ ಯಾವ ಟೇಕ್ ಅಂತ ಸೆಟ್‌ನಲ್ಲೇ ತೀರ್ಮಾನ, ಯಾಕೆಂದರೆ ಎರಡನೇ ಪಾತ್ರದ ಪ್ರತಿ ಉಸಿರೂ ಆ ಟೇಕಿಗೇ ಹೊಂದಬೇಕು. ಆಮೇಲೆ ವಿಗ್, ಮೇಕಪ್, ಬಟ್ಟೆ ಬದಲಿಸಿ ಇನ್ನೊಂದು ಬದಿ. ಜೊತೆಗೆ ಯಾರೂ ಇಲ್ಲದ ಖಾಲಿ ಜಾಗದ ಶಾಟ್ ಒಂದು.

ಕೆಡುವುದು ಎಲ್ಲಿ ಅಂದರೆ, ಕಿಟಕಿಯಿಂದ ಬಿಸಿಲು ಬರುತ್ತಿದ್ದರೆ ಮೇಕಪ್ ಬದಲಿಸುವ ಹೊತ್ತಿಗೆ ನೆರಳು ಜರುಗಿರುತ್ತದೆ, ಎರಡು ಬದಿಗೂ ಎರಡು ಹೊತ್ತು ಕಾಣುತ್ತದೆ. ಒಬ್ಬಳ ನೆರಳು ಇನ್ನೊಬ್ಬಳ ಮೇಲೆ ಬೀಳದಿದ್ದರೆ ಕಣ್ಣಿಗೆ ಕಾರಣ ಗೊತ್ತಾಗದೆಯೇ ಏನೋ ತಪ್ಪೆನಿಸುತ್ತದೆ. ನೋಟದ ಎತ್ತರ ಎರಡು ಬೆರಳು ತಪ್ಪಿದರೂ ಇಬ್ಬರೂ ಗೋಡೆಯ ಹತ್ತಿರ ಮಾತಾಡಿದ ಹಾಗೆ. ಅತಿ ಕಷ್ಟದ್ದು ಒಂದು ಲೋಟ ಕೈಯಿಂದ ಕೈಗೆ ಕೊಡುವುದು. ಲೋಟ ಹಿಡಿದ ಬೆರಳುಗಳು ಡಬಲ್‌ದಾಗಿರುತ್ತವೆ, ಮುಂಗೈ ನಟಿಯದು, ಬೆಸುಗೆ ಹೆಚ್ಚಾಗಿ ಅಂಗಿ ತೋಳಿನ ಮಡಿಕೆಯಲ್ಲಿ ಅಡಗುತ್ತದೆ.

ಸಿಮನ್ಸ್ ಎರಡು ಹೊವರ್ಡ್‌ಗಳನ್ನು ಮೇಕಪ್ಪಿನಿಂದ ಬೇರೆ ಮಾಡಲಿಲ್ಲ. ಒಬ್ಬ ಭುಜ ಇಳಿಬಿಟ್ಟು ನಿಲ್ಲುತ್ತಾನೆ, ಇನ್ನೊಬ್ಬ ಎದುರಿನವನ ಜಾಗ ತಿಂದು ನಿಲ್ಲುತ್ತಾನೆ. ಗಡ್ಡಕ್ಕಿಂತ ಅದು ಗಟ್ಟಿ ಗುರುತು.

ಮಳೆಬಿಲ್ಲು72

ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಕವಲಿಗೆ ಮೊದಲೇ ಹುಟ್ಟಿದವನ ಪ್ರತಿರೂಪ ಮೂವತ್ತು ವರ್ಷದ ಮೇಲೆ ಈಚೆ ಬಂದು ಅವನ ಜಾಗದಲ್ಲಿ ಕೂತರೆ ಕಂಡುಹಿಡಿಯುವುದು ಹೇಗೆ? ಸರಣಿಗಳಲ್ಲಿ ಯಾವಾಗಲೂ ಬಾಲ್ಯದ ಗುಟ್ಟು ಕೇಳುತ್ತಾರೆ.

ಜೀನುಗೂಡು

ಬಾಲ್ಯದ ಗುಟ್ಟು ಕೇಳುವುದೇ ತಪ್ಪು, ಅದು ಇಬ್ಬರಿಗೂ ಗೊತ್ತು. ಡಿಎನ್ಎ, ಬೆರಳಚ್ಚು, ಮೊಣಕಾಲಿನ ಹಳೆ ಗಾಯದ ಗುರುತು, ಕವಲಿಗೆ ಮೊದಲು ತುಂಬಿಸಿದ ಹಲ್ಲು, ಎಲ್ಲ ಒಂದೇ. ಆಮೇಲಿನದನ್ನು ನೋಡಬೇಕು: ಆಮೇಲೆ ತುಂಬಿಸಿದ ಹಲ್ಲು, ಆಮೇಲಿನ ಶಸ್ತ್ರಚಿಕಿತ್ಸೆ, ಮುರಿದು ಕೂಡಿದ ಮೂಳೆ. ಹಲ್ಲಿನ ಹಳೆ ಎಕ್ಸ್‌ರೇ ಒಂದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಒಂದು ಅಪವಾದ ಉಂಟು. ಕವಲು ಒಡೆದಾಗ ಗರ್ಭದಲ್ಲಿ ಎರಡು ತಿಂಗಳಿದ್ದ ಮಗುವಿಗೆ ಎರಡೂ ಕಡೆ ಡಿಎನ್ಎ ಒಂದೇ, ಬೆರಳಚ್ಚು ಬೇರೆ. ಬೆರಳ ಗೆರೆಗಳು ಮೂಡುವುದು ಸುಮಾರು ಮೂರರಿಂದ ಐದನೇ ತಿಂಗಳಲ್ಲಿ, ಗರ್ಭದೊಳಗಿನ ಒತ್ತಡ, ಚಲನೆಗೆ ತಕ್ಕ ಹಾಗೆ. ಒಂದೇ ಅಂಡಾಣುವಿನ ಅವಳಿಗಳಿಗೂ ಬೆರಳಚ್ಚು ಬೇರೆ ಇರುವುದು ಅದಕ್ಕೇ. ಈ ಒಂದು ಸಂಗತಿಯ ಮೇಲೇ ಒಂದು ಕಂತು ಕಟ್ಟಬಹುದು.

ನನ್ನನ್ನು ಕೇಳಿದರೆ ಮೊದಲು ರಕ್ತ ತೆಗೆಯಿರಿ. ಯಾವ ಫ್ಲೂ ತಳಿಗಳಿಗೆ ಅವನ ದೇಹದಲ್ಲಿ ಪ್ರತಿಕಾಯ ಇದೆ ಅನ್ನುವುದು ಅವನು ಎಲ್ಲಿ ಬದುಕಿದ್ದ ಅನ್ನುವುದರ ದಾಖಲೆ. ಇಲ್ಲಿ 2009ರಲ್ಲಿ ಹಬ್ಬಿದ ತಳಿಯ ಗುರುತು ಅವನಲ್ಲಿ ಇರುವುದಿಲ್ಲ, ಇಲ್ಲಿ ಯಾರೂ ಕಾಣದ ತಳಿಯದು ಇರಬಹುದು. ಎರಡೂ ಕಡೆ ಮೂವತ್ತು ವರ್ಷ ವೈರಸ್ಸುಗಳೂ ಬೇರೆ ಬೇರೆಯಾಗಿ ಬದಲಾಗಿರುತ್ತವೆ. ‘ಕೌಂಟರ್‌ಪಾರ್ಟ್’ನಲ್ಲಿ ಆಚೆ ಲೋಕದ ಕೋಟಿಗಟ್ಟಲೆ ಜನರನ್ನು ಫ್ಲೂ ಬಲಿ ತೆಗೆದುಕೊಂಡಿರುತ್ತದೆ. ಹಾಗಾಗಿ ಅವನು ಯಾರು ಅಂತ ಕೇಳುವುದಕ್ಕೂ ಮೊದಲು ಅವನನ್ನು ಪ್ರತ್ಯೇಕ ಕೋಣೆಯಲ್ಲಿಡಿ, ಒಳಗೆ ಹೋಗುವವರು ಮಾಸ್ಕ್ ಹಾಕಿಕೊಳ್ಳಲಿ.