ಟೆಕ್ಸಾಸ್‌ನಲ್ಲಿ ನೋ-ಫಾಲ್ಟ್ (ಯಾರ ತಪ್ಪನ್ನೂ ತೋರಿಸದೆ ಪಡೆಯೋ) ಡೈವೋರ್ಸ್ ತೆಗೀತಾರಂತೆ, ಈಗಲೇ ಕೇಸ್ ಹಾಕ್ಬೇಕಾ?

ಫ್ರಿಸ್ಕೋದಿಂದ:
ನಮಸ್ಕಾರ. ಮದುವೆ ಆಗಿದ್ದು ಮೈಸೂರಲ್ಲಿ, ಈಗ ಇರೋದು ಫ್ರಿಸ್ಕೋದಲ್ಲಿ, ನಾನು ಎಚ್-4 (ಗಂಡನ ಕೆಲಸದ ವೀಸಾ ನಂಬಿರೋ ಅವಲಂಬಿತ ವೀಸಾ) ಮೇಲೆ. ಹೊಡೆತ ಬಡಿತ ಏನಿಲ್ಲ. ಒಂದೇ ಮನೇಲಿ ಎರಡು ಕುಕ್ಕರ್ ಇಟ್ಕೊಂಡಿದೀವಿ, ಅಷ್ಟೇ ಸಂಸಾರ. ಮಗಳ ಸ್ಕೂಲ್ ವಿಷಯ ಬಿಟ್ರೆ ಮಾತಿಲ್ಲ, ಅದೂ ವಾಟ್ಸಾಪ್‌ನಲ್ಲಿ. ಕಾನೂನು ಬದಲಾದ್ರೆ ಗಂಡನ ತಪ್ಪು ಸಾಬೀತು ಮಾಡದೆ ಬಿಡುಗಡೆ ಸಿಗಲ್ಲ ಅಂತ ಗೆಳತಿ ಹೆದರಿಸ್ತಿದಾಳೆ. ಅವಸರ ಮಾಡ್ಲಾ?

ಹೂಸ್ಟನ್ ಅಕ್ಕ:
ತಡಿ ತಂಗಿ. 2017ರಲ್ಲೂ ಶಾಸಕ ಮ್ಯಾಟ್ ಕ್ರೌಸ್ ಇದೇ ಮಸೂದೆ ತಂದಿದ್ರು, ಪಾಸಾಗಲಿಲ್ಲ. 2022ರಲ್ಲಿ ಇಲ್ಲಿಯ ರಿಪಬ್ಲಿಕನ್ ಪಕ್ಷ ತನ್ನ ಪ್ರಣಾಳಿಕೆಗೇ ಸೇರಿಸ್ಕೊಂಡು, ಕಾಯೋ ಅವಧಿ ಆರು ತಿಂಗಳಾಗಲಿ ಅಂತಲೂ ಬರೀತು. ಪ್ರಣಾಳಿಕೆ ಕಾನೂನಲ್ಲ. ಶಾಸನಸಭೆ ಮಾಮೂಲಾಗಿ ಕೂರೋದೇ ಎರಡು ವರ್ಷಕ್ಕೊಂದು ಸಲ, 140 ದಿನ. ಸದ್ಯಕ್ಕೆ ಹೊಂದಾಣಿಕೆ ಇಲ್ಲ ಅಂದ್ರೆ ಸಾಕು, ಅರ್ಜಿ ಹಾಕಿದ್ಮೇಲೆ ಕಡಿಮೆ ಅಂದ್ರೆ 60 ದಿನ.

ಹಾಗಂತ ಮಸೂದೆ ಬಂದ್ರೆ ಪೆಟ್ಟು ನಿನ್ನಂಥೋರಿಗೇ. ಕ್ರೌರ್ಯ, ವ್ಯಭಿಚಾರ, ಬಿಟ್ಟುಹೋಗಿದ್ದು ಯಾವುದೂ ಇಲ್ಲದೋರು ಮೂರು ವರ್ಷ ಬೇರೆ ಇದ್ದು ತೋರಿಸ್ಬೇಕಾಗುತ್ತೆ. ಎರಡು ಕುಕ್ಕರ್ ಸಾಕ್ಷಿ ಹೇಳಲ್ಲ!

ನೀನು ಮೊದ್ಲು ಯೋಚಿಸ್ಬೇಕಾದ್ದು ವೀಸಾ. ಡಿಕ್ರಿ (ಕೋರ್ಟಿನ ಅಂತಿಮ ಡೈವೋರ್ಸ್ ಆದೇಶ) ಆದ್ರೆ ಎಚ್-4 ಮುಗೀತು. ನಾನು ಕೇಸ್ ಹಾಕೋ ಮುಂಚೆ ಎಫ್-1 (ವಿದ್ಯಾರ್ಥಿ ವೀಸಾ) ಮಾಡಿಸ್ಕೊಂಡೆ. ಕಾಲೇಜು ಫೀಸಿಗೆ ಬಳೆ ಮಾರಿದ್ದು ಅಮ್ಮಂಗೆ ಇನ್ನೂ ಗೊತ್ತಿಲ್ಲ. ಇನ್ನೊಂದು, ಮದುವೆ ಆದ್ಮೇಲೆ ಇಲ್ಲಿ ದುಡಿದಿದ್ದು ಅವರ ಹೆಸರಲ್ಲಿದ್ರೂ ಇಬ್ಬರದ್ದು. 401ಕೆ (ಕೆಲಸದ ಕಡೆಯ ನಿವೃತ್ತಿ ಉಳಿತಾಯ ಖಾತೆ) ಸ್ಟೇಟ್‌ಮೆಂಟ್ ತೆಗೆದಿಟ್ಕೋ.

ಬೆಂಗಳೂರಿನ ವಕೀಲ:
ಮೇಡಂ, ಅಲ್ಲಿಯ ಡಿಕ್ರಿ ಇಲ್ಲೂ ನಿಲ್ಲಬೇಕಲ್ಲ? 1991ರಲ್ಲಿ ನರಸಿಂಹ ರಾವ್-ವೆಂಕಟಲಕ್ಷ್ಮಿ ಕೇಸಲ್ಲಿ ಸುಪ್ರೀಂ ಕೋರ್ಟ್ ಮಿಸೌರಿಯ ಡಿಕ್ರೀನ ಒಪ್ಪಲಿಲ್ಲ. ದಾಂಪತ್ಯ ಮುರಿದುಬಿತ್ತು ಅನ್ನೋದಷ್ಟೇ ಹಿಂದೂ ವಿವಾಹ ಕಾಯ್ದೆಯಲ್ಲಿ ಕಾರಣವಲ್ಲ. ಅದನ್ನ ಸೇರಿಸೋ ತಿದ್ದುಪಡಿ 2013ರಲ್ಲಿ ರಾಜ್ಯಸಭೆ ದಾಟಿದ್ರೂ ಲೋಕಸಭೆಯಲ್ಲಿ ಪಾಸಾಗೋ ಮುಂಚೆ ಸಭೆಯ ಅವಧಿಯೇ ಮುಗಿದು ರದ್ದಾಯ್ತು. ನಿಮ್ಮಲ್ಲಿ ತೆಗೀತೀವಿ ಅಂತಾರೆ, ನಮ್ಮಲ್ಲಿ ತರೋಕೇ ಆಗ್ತಿಲ್ಲ.

ಗಂಡನೂ ಒಪ್ಪಿದ್ರೆ ಡಿಕ್ರಿಗೆ ಇಲ್ಲಿ ಮಾನ್ಯತೆ ಇದೆ. ಆ ಒಪ್ಪಿಗೆ ಬರವಣಿಗೇಲಿ ಕೋರ್ಟ್ ದಾಖಲೆಗೇ ಸೇರಲಿ. ಇಲ್ಲಾ ಇಲ್ಲೇ 13ಬಿ (ಹಿಂದೂ ವಿವಾಹ ಕಾಯ್ದೆಯ ಪರಸ್ಪರ ಒಪ್ಪಿಗೆಯ ಡೈವೋರ್ಸ್ ಕಲಂ) ಅಡಿ ಅರ್ಜಿ ಹಾಕಿ. ಒಂದು ವರ್ಷ ಬೇರೆ ಇದ್ದಿರಬೇಕು, ಆದ್ರೆ ಗಂಡ-ಹೆಂಡತಿಯಾಗಿ ಬಾಳದಿದ್ರೆ ಒಂದೇ ಸೂರಿನಡಿ ಇದ್ದದ್ದೂ ಲೆಕ್ಕಕ್ಕೆ ಬರುತ್ತೆ. ಅರ್ಜಿ ಹಾಕಿದ್ಮೇಲೆ ಕಾಯೋ ಆರು ತಿಂಗಳನ್ನ 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ ಕೋರ್ಟ್ ಮನ್ನಾ ಮಾಡಬಹುದು.

ಫ್ರಿಸ್ಕೋದಿಂದ:
ಇಬ್ಬರಿಗೂ ಥ್ಯಾಂಕ್ಸ್. ಅವರು ಒಪ್ಪಬಹುದು ಸರ್, ಅವರಮ್ಮ ಒಪ್ಪಲ್ಲ. ಅಕ್ಕ, ಇಲ್ಲಿ ಮೊದ್ಲು ವಕೀಲರನ್ನೇ ನೋಡ್ಲಾ, ಗಂಡನ ಹತ್ರ ಮಾತಾಡ್ಲಾ?

ಹೂಸ್ಟನ್ ಅಕ್ಕ:
ವಕೀಲರನ್ನ. ವೀಸಾ ವಕೀಲರು ಬೇರೆ, ಡೈವೋರ್ಸ್ ವಕೀಲರು ಬೇರೆ, ಇಬ್ಬರನ್ನೂ ಕೇಳು. ಜಾಯಿಂಟ್ ಅಕೌಂಟ್ ಕಾರ್ಡಲ್ಲಿ ಫೀಸ್ ಕಟ್ಟಲೇಬೇಡ.